ಪಾಸ್‌ವರ್ಡ್ ಇಡದ ಮನೆ, ಹನ್ನೊಂದು ಹೆಸರು

ನಮ್ಮ ನಡುಮನೆಯಲ್ಲಿ ಒಂದು ನೀಲಿ ವೈರು ಅಡ್ಡ ಬಿದ್ದಿತ್ತು. ಬಾಗಿಲ ಪಕ್ಕದ ಗೋಡೆಗೆ ಇಂಟರ್ನೆಟ್ ಡಬ್ಬಿ, ಅಂದರೆ ರೂಟರ್. ಒಳಗಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್. ಎರಡರ ನಡುವೆ ಆ ವೈರು. ಅತ್ತೆ ಮೊದಲ ಸಲ ಎಡವಿ ಮಂಡಿ ಊದಿಸಿಕೊಂಡರು. ಎರಡನೇ ಸಲ ಚಹಾದ ತಟ್ಟೆ ಸಮೇತ ಬಿದ್ದರು. "ಒಂದೋ ಈ ವೈರ್ ತೆಗ್ಸು, ಇಲ್ಲಾ ನನ್ನೇ ಈ ಮನೆಯಿಂದ ತೆಗ್ಸು" ಅಂದರು.

ಈ ಕಥೆ ಬರೆದುಕೊಡಲು ನನಗೆ ಇಷ್ಟವಿರಲಿಲ್ಲ. ನಮ್ಮ ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ ಮೂರು ಸಲ ಮನೆಗೆ ಬಂದು ಕೂತಳು. "ನಾಲ್ಕು ಜನಕ್ಕೆ ಬುದ್ಧಿ ಬರುತ್ತೆ, ಬರಿಯೇ" ಅಂದಳು. ಬೇರೆಯವರ ತಪ್ಪಾಗಿದ್ದರೆ ಚೆನ್ನಾಗಿ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ಇದು ನನ್ನ ತಪ್ಪು. ಆದ್ದರಿಂದ ಸಪ್ಪಗೇ ಹೇಳುತ್ತೇನೆ, ಸಿಟ್ಟು ಬಂದರೆ ಸಹಿಸಿಕೊಳ್ಳಿ.

ನಾನು ಟೈಪಿಂಗ್ ಕೆಲಸದವಳು. ಮನೆಯಲ್ಲೇ ಕೂತು ಬೀದಿಯವರ ಅರ್ಜಿ, ದೂರು, ರಜೆ ಚೀಟಿ, ಜಗಳದ ಪತ್ರ, ಆಮೇಲೆ ಅದೇ ಜಗಳದ ರಾಜಿ ಪತ್ರ, ಎಲ್ಲ ಟೈಪ್ ಮಾಡಿಕೊಡುತ್ತೇನೆ. ಯಾರ ಮನೆಯ ದೋಸ್ತಿ ಎಲ್ಲಿ ಮುರಿದಿದೆ, ಯಾರಿಗೆ ಯಾವ ಕಾಯಿಲೆ, ಎಲ್ಲ ನನಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದೇ ನನ್ನ ಕಸುಬು. ಜನ ನನ್ನ ಹತ್ತಿರ ಬರುವುದು ಬೆರಳಿನ ವೇಗ ನೋಡಿ ಅಲ್ಲ, ಬಾಯಿ ಬಿಡುವುದಿಲ್ಲ ಅನ್ನುವ ನಂಬಿಕೆಯಿಂದ.

ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು ನನ್ನ ಶಾಲೆಯ ಗೆಳತಿ. ಎಲ್ಲರೂ ಅವಳನ್ನು 'ಸ್ಕ್ರೂಡ್ರೈವರ್' ಅನ್ನುತ್ತಾರೆ, ಅವಳ ಎದುರಿಗೇ. ವೈರಿನ ಕಷ್ಟ ಹೇಳಿಕೊಂಡಾಗ ಅವಳು ಅಂಗೈಯಗಲದ ಒಂದು ಹಸಿರು ಹಲಗೆ ತೆಗೆದು ಕೈಗಿಟ್ಟಳು.

"ಇದು ವೈರ್‌ಲೆಸ್ ಕಾರ್ಡ್. ಕಂಪ್ಯೂಟರ್ ಒಳಗೆ ಕೂರುತ್ತೆ. ಹಿಂದುಗಡೆ ಎರಡು ಕೊಂಬು ಚಾಚುತ್ತೆ. ವೈರ್ ಬೇಡವೇ ಬೇಡ. ಭಾನುವಾರ ನಾನೇ ಬಂದು ಹಾಕಿಕೊಡ್ತೀನಿ."

"ಬೇಡ ಬಿಡೇ, ನಮ್ಮೆಜಮಾನ್ರು ಹಾಕ್ತಾರಂತೆ. ಪೈಪ್ ಜೋಡಿಸೋನಿಗೆ ಕಾರ್ಡ್ ಜೋಡಿಸೋದು ಏನ್ ಮಹಾ ಅಂತಾರೆ."

ನನ್ನ ಗಂಡ ನಲ್ಲಿ ಪೈಪಿನ ಕೆಲಸದವರು. ಕೈಗೆ ಸ್ಪ್ಯಾನರ್ ಸಿಕ್ಕರೆ ರೈಲನ್ನೂ ಬಿಚ್ಚುವ ಧೈರ್ಯ.

"ಹಾಕ್ಲಿ, ಬೇಡ ಅನ್ನಲ್ಲ. ಮೊದಲು ಕರೆಂಟ್ ಪಿನ್ ಕೀಳಬೇಕು. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು. ಕಾರ್ಡ್ ಮುಟ್ಟೋ ಮುಂಚೆ ಕಂಪ್ಯೂಟರಿನ ಕಬ್ಬಿಣದ ಮೈನ ಒಂದ್ಸಲ ಮುಟ್ಟಬೇಕು, ಮೈಮೇಲಿನ ಕರೆಂಟ್ ಇಳಿಯುತ್ತೆ. ಕಾರ್ಡನ್ನ ಅಂಚಲ್ಲಿ ಹಿಡಿದು ಸೀಳಿಗೆ ನೇರವಾಗಿ ಒತ್ತಬೇಕು, ಅಲ್ಲಾಡಿಸಿ ತುರುಕಬಾರದು. ಆಮೇಲೆ ಈ ಡಿಸ್ಕ್ ಹಾಕಿ ಡ್ರೈವರ್ ಅನ್ನೋ ಪ್ರೋಗ್ರಾಂ ಕೂರಿಸಬೇಕು. ಅದಿಲ್ಲದೇ ಹೋದ್ರೆ ಕಾರ್ಡ್ ಯಾರು, ಎತ್ತ ಅಂತ ಕಂಪ್ಯೂಟರಿಗೆ ಗೊತ್ತೇ ಆಗಲ್ಲ." ಇಷ್ಟು ಹೇಳಿ ಅವಳು ನನ್ನ ಮೊಣಕೈ ಹಿಡಿದಳು. "ಇದು ಅರ್ಧ ಕೆಲಸ ಕಣೇ. ಉಳಿದರ್ಧ ಕೇಳು. ವೈರ್ ಇದ್ದಾಗ ನಿನ್ನ ಇಂಟರ್ನೆಟ್ ವೈರೊಳಗೆ ಹರೀತಿತ್ತು. ಈಗ ಗೋಡೆ ದಾಟಿ ಮೆಟ್ಟಿಲ ತನಕ ಹೋಗುತ್ತೆ. ವೈಫೈಗೆ ಉದ್ದದ ಪಾಸ್‌ವರ್ಡ್ ಇರಲೇಬೇಕು. ಫೈಲ್‌ಗಳನ್ನ ಬೇರೆಯವರಿಗೆ ತೋರಿಸ್ಲಾ ಅಂತ ಕಂಪ್ಯೂಟರ್ ಕೇಳುತ್ತೆ, ಬೇಡ ಅನ್ನು. ಊರವರ ಗುಟ್ಟೆಲ್ಲ ನಿನ್ನ ಹತ್ರ ಇದೆ."

"ಆಯ್ತು ಮಾರಾಯ್ತಿ" ಅಂದೆ. ಬೀದಿಯವಳೇ ತಾನೆ ಹೇಳಿದ್ದು. ಹಿತ್ತಲ ಗಿಡ ಮದ್ದಲ್ಲ.

ಭಾನುವಾರ ಬೆಳಿಗ್ಗೆ ನನ್ನ ಗಂಡ ಕಂಪ್ಯೂಟರಿನ ಪಕ್ಕೆ ಬಿಚ್ಚಿದರು. ನ್ಯಾಯವಾಗಿ ಹೇಳಬೇಕು, ಕೈಕೆಲಸ ಅಚ್ಚುಕಟ್ಟು. ಪಿನ್ ಕಿತ್ತರು, ಕಬ್ಬಿಣ ಮುಟ್ಟಿದರು, ಒಳಗಿನ ಧೂಳನ್ನು ಬ್ರಷ್ಷಿನಿಂದ ಗುಡಿಸಿದರು. ಕಾರ್ಡು ಟಕ್ ಅಂತ ಕೂತಿತು. ಸ್ಕ್ರೂ ಬಿಗಿದು, ಎರಡು ಕೊಂಬು ತಿರುಗಿಸಿ ನಿಲ್ಲಿಸಿದರು. ಕಂಪ್ಯೂಟರ್ ಶುರು ಮಾಡಿದರೆ ಏನೂ ಇಲ್ಲ.

"ಕಾರ್ಡೇ ಕೆಟ್ಟಿದೆ. ನಿನ್ನ ಗೆಳತಿ ಟೋಪಿ ಹಾಕಿದಾಳೆ."

"ರೀ, ಡಿಸ್ಕ್ ಇನ್ನೂ ನಿಮ್ಮ ಜೇಬಲ್ಲೇ ಇದೆ."

ಡಿಸ್ಕ್ ಹಾಕಿ ಡ್ರೈವರ್ ಕೂರಿಸಿದ ಮೇಲೆ ಪರದೆಯ ಮೂಲೆಯಲ್ಲಿ ಗೆರೆಗಳು ಮೂಡಿದವು. ನಮ್ಮ ರೂಟರಿನ ಹೆಸರೂ ಬಂತು. ರೂಟರಿನ ತಳದ ಚೀಟಿಯಲ್ಲಿದ್ದ ಪಾಸ್‌ವರ್ಡ್ ನೋಡಿ ಹೊಡೆದೆ, ಇಂಟರ್ನೆಟ್ ಬಂದೇ ಬಂತು. ಅತ್ತೆ ನೀಲಿ ವೈರನ್ನು ಸುತ್ತಿ ಕಸದ ಬುಟ್ಟಿಗೆ ಎಸೆದು ಕೈ ತೊಳೆದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಕಟ್ಟಡದಲ್ಲಿ ಒಂದೇ ಮೆಟ್ಟಿಲಿಗೆ ನಾಲ್ಕು ಮನೆ. ಹಗಲು ಹೊತ್ತು ಯಾರೂ ಅಗಳಿ ಹಾಕುವುದಿಲ್ಲ. ಹಾಕಿದರೆ ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಮಾತು. ಬಾಗಿಲು ಬಡಿದು ಒಳಗೆ ಬಂದರೆ, "ಇದೇನು, ನೆಂಟರ ಹಾಗೆ" ಅಂತ ಮನೆಯವರಿಗೇ ಬೇಜಾರು. ಹಾಗಿರುವಾಗ ಮೇಲಿನ ಮನೆಯ ಗುಮಾಸ್ತರು ಸೀದಾ ಒಳಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಅವರು ಔಷಧಿ ಕಾರ್ಖಾನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುವವರು.

"ಓಹೋ, ಗಾಳೀಲೇ ಬಂತೋ! ನಮ್ಮ ಲ್ಯಾಪ್‌ಟಾಪಿಗೂ ಸಿಗುತ್ತಲ್ಲ ಹಾಗಾದ್ರೆ?"

"ಅದಕ್ಕೇನು ಗುಮಾಸ್ತ್ರೇ, ಧಾರಾಳವಾಗಿ" ಅಂದರು ನನ್ನ ಗಂಡ.

"ಪಾಸ್‌ವರ್ಡ್ ಕೇಳುತ್ತಲ್ರೀ. ಎದುರು ಮನೆಯೋರೂ ಕೇಳ್ತಾರೆ, ಕೆಳಗಿನೋರೂ ಕೇಳ್ತಾರೆ. ಎಷ್ಟು ಜನಕ್ಕೆ ಅಂತ ಹೇಳ್ತೀರಿ? ತೆಗೆದೇಬಿಡಿ. ನಾವೇನು ಹೊರಗಿನೋರಾ?"

ರೂಟರಿನ ಸೆಟ್ಟಿಂಗಿನಲ್ಲಿ ಎಲ್ಲಿ ಒತ್ತಬೇಕು ಅಂತ ಅವರೇ ತೋರಿಸಿದರು. ನನ್ನ ಗಂಡ 'ಓಪನ್' ಅನ್ನುವುದನ್ನು ಒತ್ತಿದರು. ಪಾಸ್‌ವರ್ಡ್ ಹೋಯಿತು. ಆಮೇಲೆ ಪ್ರಿಂಟಿನ ಮಾತು. ಗುಮಾಸ್ತರು ಮೇಲಿನಿಂದಲೇ ಫೈಲ್ ಹಾಕುವುದು, ನಾನು ಪ್ರಿಂಟ್ ತೆಗೆದಿಡುವುದು, ಅದಕ್ಕೊಂದು ಫೋಲ್ಡರ್ ಹಂಚಿಕೊಳ್ಳಬೇಕು. ಒಂದು ಫೋಲ್ಡರ್ ಹಂಚುವುದು ಹೇಗೆ ಅಂತ ನನ್ನ ಗಂಡನಿಗೆ ತಿಳಿಯಲಿಲ್ಲ. ನನ್ನ ಅರ್ಜಿಗಳೆಲ್ಲ ಇದ್ದ ದೊಡ್ಡ ಫೋಲ್ಡರನ್ನೇ 'ಎಲ್ಲರಿಗೂ' ಅಂತ ಹಂಚಿದರು. ಕಂಪ್ಯೂಟರ್ ಪಾಪ, ಎರಡು ಸಲ ಕೇಳಿತು. ಎರಡು ಸಲವೂ 'ಹೌದು' ಒತ್ತಿದರು. ಬೇಳೆ ಡಬ್ಬಿ ಕೇಳಿದವರಿಗೆ ಅಡುಗೆಮನೆಯ ಬೀಗದ ಕೈಯನ್ನೇ ಕೊಟ್ಟ ಹಾಗೆ.

ಆಗ ನಾನೇನು ಮಾಡುತ್ತಿದ್ದೆ? ಪಕ್ಕದಲ್ಲೇ ಇದ್ದೆ. ಸ್ಕ್ರೂಡ್ರೈವರ್ ಹೇಳಿದ್ದೆಲ್ಲ ನೆನಪಿತ್ತು. "ಬೇಡ ಅಣ್ಣಾ, ಇದರಲ್ಲಿ ಜನರ ಕಾಗದ ಪತ್ರ ಇದೆ" ಅನ್ನಲು ಬಾಯಿ ತೆರೆದೆ. ಗುಮಾಸ್ತರು ನಗುತ್ತಾ ನನ್ನ ಕಡೆ ನೋಡಿದರು. ದಿನಾ ಮುಖ ನೋಡುವವರು, ಏನಂದುಕೊಳ್ಳುತ್ತಾರೋ ಅನ್ನಿಸಿತು. ಸುಮ್ಮನಾದೆ. ಅವರು ಹೋದ ಮೇಲೆ ಗಂಡನಿಗೆ ಹೇಳಿದ್ದಕ್ಕೆ, "ನಮ್ಮನೇಲಿ ಏನ್ ನಿಧಿ ಇದೆ ಕದಿಯೋಕೆ? ಅಕ್ಕಪಕ್ಕದೋರ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಅಂದರು. ಅದಕ್ಕೂ ಸುಮ್ಮನಾದೆ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಗುರುವಾರ ಮಧ್ಯಾಹ್ನ ಕೆಳಗಿನ ಮನೆಯ ಮುಚ್ಚಳದಕ್ಕ ಬಂದಳು. ಅದೇ ಔಷಧಿ ಕಾರ್ಖಾನೆಯಲ್ಲಿ ಬಾಟಲಿಗೆ ಮುಚ್ಚಳ ಬಿಗಿಯುವ ಯಂತ್ರದ ಮುಂದೆ ಹದಿನಾಲ್ಕು ವರ್ಷ ಕೂತವಳು, ಅದಕ್ಕೇ ಆ ಹೆಸರು. ಅವತ್ತು ಬಾಗಿಲು ಹಾಕಿ ಒಳಗೆ ಬಂದಳು. ನಮ್ಮ ಮೆಟ್ಟಿಲಲ್ಲಿ ಯಾರೂ ಮಾಡದ ಕೆಲಸ.

"ಒಂದು ದೂರು ಬರೀಬೇಕು ಕಣಮ್ಮ. ಯಂತ್ರದ ಮೇಲೆ ಒಂದು ಕಬ್ಬಿಣದ ಜಾಲರಿ ಇರುತ್ತೆ, ಕೈ ಒಳಗೆ ಹೋಗದ ಹಾಗೆ. ಅದು ಇದ್ರೆ ಕೆಲಸ ನಿಧಾನ ಅಂತ ಮೇಸ್ತ್ರಿ ಬಿಚ್ಚಿಸಿಬಿಟ್ಟಿದಾನೆ. ಹೋದ ತಿಂಗಳು ನನ್ನ ಪಕ್ಕದಲ್ಲಿ ಕೂರೋ ಹುಡುಗಿದು ಎರಡು ಬೆರಳು ಹೋಯ್ತು. ಅವಳದೇ ತಪ್ಪು ಅಂತ ಬರೆದ್ರು. ಜಾಲರಿ ವಾಪಸ್ ಹಾಕಿಸ್ಬೇಕು, ಅಷ್ಟೇ ನಮ್ಮ ಮಾತು. ಸೋಮವಾರ ಕಾರ್ಮಿಕರ ಕಚೇರಿಗೆ ಕೊಟ್ಟುಬರ್ತೀನಿ."

"ನೀನೊಬ್ಳೇನಾ ಅಕ್ಕ?"

"ಹನ್ನೊಂದು ಜನ. ಆದ್ರೆ ಪತ್ರದಲ್ಲಿ ಹೆಸರು ಬೇಡ. ಹೆಸರುಗಳ್ನ ಕಚೇರಿ ಸಾಹೇಬ್ರ ಎದುರಿಗೇ ಕೊಡ್ತೀನಿ. ನೀನು ಹೆಸರುಗಳ್ನ ಬೇರೆ ಕಡೆ ಬರೆದಿಟ್ಟಿರು, ಸೋಮವಾರ ಹೋಗ್ತಾ ಆ ಹಾಳೆ ತಗೊಂಡು ಹೋಗ್ತೀನಿ. ಅಲ್ಲೀವರೆಗೂ ಕಾಗದದ ಮೇಲೆ ಎಲ್ಲೂ ಬೇಡ. ಮನೇಲಿದ್ರೆ ಯಾರಾದ್ರೂ ನೋಡ್ತಾರೆ." ದನಿ ಇಳಿಸಿ ಮೇಲ್ಛಾವಣಿಯ ಕಡೆ ಕಣ್ಣು ತೋರಿಸಿದಳು. "ಮೇಲಿನೋರಿಗಂತೂ ಗೊತ್ತಾಗ್ಲೇಬಾರ್ದು."

"ಅಕ್ಕ, ನನ್ನ ಬಾಯಿ ವಿಷಯ ನಿನಗೆ ಗೊತ್ತಿಲ್ವಾ?"

"ಗೊತ್ತಿದ್ದಕ್ಕೇ ಬಂದಿದ್ದು."

ದೂರು ಟೈಪ್ ಮಾಡಿ ಪ್ರಿಂಟ್ ಅವಳ ಕೈಗೆ ಕೊಟ್ಟೆ. ಆಮೇಲೆ ಅವಳು ಒಂದೊಂದೇ ಹೆಸರು ಹೇಳಿದಳು, ನಾನು ಟೈಪ್ ಮಾಡಿದೆ. ಮೊದಲು ಬೆರಳು ಹೋದ ಹುಡುಗಿ, ಆಮೇಲೆ ಅವಳ ಅಕ್ಕ, ಹಾಗೇ ಸಾಲಾಗಿ, ಕೊನೆಗೆ ತನ್ನ ಹೆಸರು. ಫೈಲಿಗೆ 'ಮುಚ್ಚಳದಕ್ಕ, ಹನ್ನೊಂದು ಹೆಸರು' ಅಂತ ಹೆಸರಿಟ್ಟೆ. ಯಾರದು ಏನು ಅಂತ ಹುಡುಕಿದ ಕೂಡಲೇ ಸಿಗಬೇಕು ನೋಡಿ, ನನ್ನ ಅಚ್ಚುಕಟ್ಟು ಅಂಥದ್ದು! ಅದನ್ನು ಯಾವಾಗಲೂ ಇಡುವ ಫೋಲ್ಡರಿನಲ್ಲೇ ಇಟ್ಟೆ. ಪಾಸ್‌ವರ್ಡಿನ ಯೋಚನೆ ತಲೆಗೆ ಬರಲೇ ಇಲ್ಲ. ಆಣೆ ಮಾಡಿ ಹೇಳುತ್ತೇನೆ, ಬರಲೇ ಇಲ್ಲ.

ಸೋಮವಾರ ಹೋಗುತ್ತಾ ಹಾಳೆ ತೆಗೆದುಕೊಳ್ಳುತ್ತೇನೆ ಅಂದವಳು ಬಂದದ್ದು ಕಚೇರಿಗೆ ಹೋಗಿಬಂದ ಮೇಲೆ, ಮಧ್ಯಾಹ್ನ. ಊಟದ ಡಬ್ಬಿ ಕೈಯಲ್ಲೇ ಇತ್ತು, ಮುಚ್ಚಳ ತೆರೆದಿರಲಿಲ್ಲ. ಕೂರು ಅಂದರೆ ಕೂರಲಿಲ್ಲ.

"ಯಾರಿಗೆ ಹೇಳ್ದೆ?"

"ಏನಕ್ಕ?"

"ಬೆಳಿಗ್ಗೆ ಪಾಳಿ ಶುರುವಾಗೋ ಮುಂಚೆ ಮೇಸ್ತ್ರಿ ಒಬ್ಬೊಬ್ಬರನ್ನೇ ಕೋಣೆಗೆ ಕರೆದ. ಮೊದಲು ಆ ಹುಡುಗಿ. ಆಮೇಲೆ ಅವಳಕ್ಕ. ನಾನು ನಿನಗೆ ಯಾವ ಸಾಲಲ್ಲಿ ಹೇಳಿದ್ನೋ ಅದೇ ಸಾಲಲ್ಲಿ, ಒಂದೂ ಹಿಂದೆ ಮುಂದೆ ಇಲ್ಲ. 'ನನಗೆ ಯಾವ ದೂರೂ ಇಲ್ಲ' ಅಂತ ಬರೆದ ಕಾಗದಕ್ಕೆ ಹತ್ತು ಜನಾನೂ ಸಹಿ ಹಾಕಿದ್ರು. ಬೆರಳು ಹೋದವಳು ಎಡಗೈಲಿ ಹಾಕಿದ್ಲು. ನಾನು ಹಾಕ್ಲಿಲ್ಲ. ನನ್ನ ಗೇಟಿನಿಂದ ಆಚೆ ಬಿಟ್ರು. ಆ ಸಾಲು ನಿನ್ನ ಕಂಪ್ಯೂಟರ್ ಬಿಟ್ರೆ ಭೂಮಿ ಮೇಲೆ ಎಲ್ಲೂ ಇರ್ಲಿಲ್ಲ. ಯಾರಿಗೆ ಹೇಳ್ದೆ?"

ನನ್ನ ಮಕ್ಕಳಾಣೆ ಇಲ್ಲಕ್ಕ ಅಂದೆ. ಅವಳು ನನ್ನ ಮುಖ ನೋಡಿದಳು, ತಿರುಗಿ ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಓಡಿಹೋಗಿ ಸ್ಕ್ರೂಡ್ರೈವರಳನ್ನು ಕರೆದುಕೊಂಡು ಬಂದೆ. ಅವಳು ಮನೆಯೊಳಗೆ ಬರಲೇ ಇಲ್ಲ. ಮೆಟ್ಟಿಲ ತಿರುವಿನಲ್ಲೇ ನಿಂತು ತನ್ನ ಫೋನ್ ತೆಗೆದು ಎರಡು ಮೂರು ಸಲ ಒತ್ತಿದಳು. ನನ್ನ ಗಂಡ ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಭಾವಾ, ಓದ್ತೀನಿ ಕೇಳಿ" ಅಂದಳು. "'ಡ್ರೈವರಣ್ಣ, ಹೆಂಡತಿಗೆ ವಕೀಲರ ಉತ್ತರ.' 'ದರ್ಜಿ, ಕ್ಷಯದ ರಜೆ ಅರ್ಜಿ.' 'ಮುಚ್ಚಳದಕ್ಕ, ಹನ್ನೊಂದು ಹೆಸರು.' ಇದನ್ನ ತೆಗೀಲಾ? ನೋಡಿ, ತೆರೆದುಕೊಳ್ತು. ಪಾಸ್‌ವರ್ಡ್ ಕೇಳ್ಲಿಲ್ಲ, ನೀನ್ಯಾರು ಅಂತಾನೂ ಕೇಳ್ಲಿಲ್ಲ. ನಾನಿನ್ನೂ ನಿಮ್ಮ ಹೊಸಿಲೂ ದಾಟಿಲ್ಲ."

ನನ್ನ ಗಂಡ ಮೆಟ್ಟಿಲ ಮೇಲೆ ಕೂತುಬಿಟ್ಟರು. ದರ್ಜಿ ಅವರ ಆಪ್ತ. ಅವನಿಗೆ ಕ್ಷಯ ಅಂತ ಅವರಿಗೂ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

"ಅಷ್ಟು ಹೇಳಿದ್ನಲ್ಲೇ!" ಅಂದಳು ಸ್ಕ್ರೂಡ್ರೈವರ್ ನನ್ನ ಕಡೆ ತಿರುಗಿ. "ಒಂದ್ಸಲ ಅಲ್ಲ, ಕೈ ಹಿಡ್ಕೊಂಡು ಹೇಳಿದ್ನಲ್ಲ!"

ಗುಮಾಸ್ತರು ಸಂಜೆ ಐದೂವರೆಗೆ ಬಂದರು. ನಾನು ಮೆಟ್ಟಿಲಲ್ಲೇ ಅಡ್ಡ ನಿಂತೆ. ಮೊದಲು ಏನೂ ಗೊತ್ತಿಲ್ಲ ಅಂದರು. ಆಮೇಲೆ ಚಪ್ಪಲಿ ನೋಡುತ್ತಾ ಮಾತಾಡಿದರು.

"ಶನಿವಾರ ನನ್ನದೊಂದು ಅರ್ಜಿ ಪ್ರಿಂಟಿಗೆ ಹಾಕೋಕೆ ಹೋದೆ. ಅದರ ಪಕ್ಕದಲ್ಲೇ ಇತ್ತು. ಕದ್ದಿಲ್ಲಮ್ಮ ನಾನು. ನೀವೇ ತೆರೆದಿಟ್ಟಿದ್ರಿ, ನಾನು ನೋಡ್ದೆ. ಮೇಸ್ತ್ರಿ ಮೂಲಕ ನನಗೊಂದು ಬಡ್ತಿ ಆಗ್ಬೇಕಿದೆ, ನನಗೂ ಮಕ್ಕಳಿದಾರೆ."

ಒಳಗಿನಿಂದ ಅತ್ತೆ ಬಂದರು. "ನಂಬಿದೋರ ಮನೆಗೇ ಕನ್ನ ಹಾಕಿದ್ಯಲ್ಲೋ! ನಿನ್ನ ಬಡ್ತಿಗಿಷ್ಟು ಬೆಂಕಿ ಹಾಕ" ಅಂದರು. ಅತ್ತೆ ಬೈದಾಗ ನನಗೂ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಆ ಮನುಷ್ಯ ಹೇಳಿದ ಮಾತೇ ಕಿವಿಯಲ್ಲಿ ಉಳಿಯಿತು. ತೆರೆದಿಟ್ಟವರು ನಾವೇ. ಅವನ ಪಾಪ ಅವನಿಗೆ, ನಮ್ಮದು ನಮಗೆ.

ಅದೇ ಸಂಜೆ ನನ್ನ ಗಂಡ ಸ್ಕ್ರೂಡ್ರೈವರಳ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಅವಳು ಹೇಳಿದ್ದನ್ನು ತಮ್ಮ ಕೈಯಾರೆ ಮಾಡಿದರು. 'ಓಪನ್' ತೆಗೆದು ಡಬ್ಲ್ಯೂಪಿಎ-ಟೂ ಅನ್ನುವ ಬೀಗ ಆರಿಸಿದರು. ಹದಿನಾರು ಅಕ್ಷರದ ಪಾಸ್‌ವರ್ಡ್ ಇಟ್ಟರು. ರೂಟರಿನ ಸೆಟ್ಟಿಂಗ್ ತೆರೆಯಲೂ ಒಂದು ಪಾಸ್‌ವರ್ಡ್ ಇರುತ್ತದೆ, ಕಂಪನಿಯವರು ಎಲ್ಲ ಡಬ್ಬಿಗೂ ಒಂದೇ ಇಟ್ಟಿರುತ್ತಾರಂತೆ, ಅದನ್ನೂ ಬದಲಾಯಿಸಿದರು. ಫೋಲ್ಡರ್ ಹಂಚಿಕೆ ನಿಲ್ಲಿಸಿದರು. ಎಲ್ಲ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

"ನನ್ನಿಂದ ಒಬ್ಬರ ಅನ್ನ ಹೋಯ್ತಲ್ಲೇ" ಅಂದರು ನನ್ನ ಗಂಡ.

"ನಮ್ಮಿಂದ" ಅಂದೆ.

ಮರುದಿನ ಇಬ್ಬರೂ ಮುಚ್ಚಳದಕ್ಕನ ಮನೆಗೆ ಹೋದೆವು. ನಡೆದದ್ದನ್ನೆಲ್ಲ ಹೇಳಿದೆವು. ಕಾರ್ಡು, ಪಾಸ್‌ವರ್ಡು, ಫೋಲ್ಡರು, ಗುಮಾಸ್ತ, ಒಂದನ್ನೂ ಬಿಡಲಿಲ್ಲ. ಅವಳು ಕೊತ್ತಂಬರಿ ಬಿಡಿಸುತ್ತಾ ಕೇಳಿಸಿಕೊಂಡಳು.

"ನೀನು ಬಾಯಿ ಬಿಡ್ಲಿಲ್ಲ ಅಂತೀಯ. ಸರಿ, ನಂಬಿದೆ. ನಂಬಿ ಈಗ ಏನ್ ಮಾಡ್ಲಿ ಹೇಳು?"

ಅವಳು ಸೋಮವಾರ ಗೇಟಿನಿಂದ ಸೀದಾ ಕಾರ್ಮಿಕರ ಕಚೇರಿಗೇ ಹೋಗಿ ದೂರು ಕೊಟ್ಟಿದ್ದಳು. ಗಟ್ಟಿ ಹೆಂಗಸು. ಸಾಕ್ಷಿ ಎಲ್ಲಿ ಅಂತ ಅವರು ಕೇಳಿದರು, ಹತ್ತು ಜನರಲ್ಲಿ ಒಬ್ಬರೂ ಬರಲಿಲ್ಲ. ಬುಧವಾರ ಕಚೇರಿಯವರು ಕಾರ್ಖಾನೆ ನೋಡಲು ಹೋದರು. ಅವತ್ತು ಎಲ್ಲ ಯಂತ್ರಕ್ಕೂ ಜಾಲರಿ ಇತ್ತು, ಎಲ್ಲ ಸರಿಯಾಗಿದೆ ಅಂತ ಬರೆದುಕೊಂಡು ಬಂದರು. ಗುರುವಾರ ಮತ್ತೆ ಬಿಚ್ಚಿದರು. ಅವಳ ಜಾಗದಲ್ಲಿ ಈಗ ಹತ್ತೊಂಬತ್ತರ ಒಂದು ಹೊಸ ಹುಡುಗಿ ಕೂರುತ್ತಾಳೆ. ಮುಚ್ಚಳದಕ್ಕ ಮೂರು ಬೀದಿ ಆಚೆ ಮನೆಗೆಲಸ ಮಾಡುತ್ತಾಳೆ. ಮೆಟ್ಟಿಲಲ್ಲಿ ಸಿಕ್ಕರೆ ನನ್ನನ್ನು ಮಾತಾಡಿಸುತ್ತಾಳೆ. ಒಂದು ರಜೆ ಚೀಟಿಯನ್ನೂ ಟೈಪ್ ಮಾಡಿಸಲು ಮಾತ್ರ ಮತ್ತೆ ಬಂದಿಲ್ಲ. ಬೀದಿಯವರೂ ಕಡಿಮೆಯಾಗಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ.

ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ, ನಿಮ್ಮಲ್ಲಿ ಎಷ್ಟೋ ಜನ, "ನಮ್ಮನೇಲಿ ಏನಿದೆ ಮಹಾ" ಅಂದುಕೊಳ್ಳುತ್ತಿದ್ದೀರಿ. ನಿಮ್ಮ ಕಂಪ್ಯೂಟರಿನಲ್ಲಿರುವುದು ನಿಮ್ಮದೊಂದೇ ಅಲ್ಲ. ತಂಗಿಯ ಆಸ್ಪತ್ರೆ ಚೀಟಿ ಇರುತ್ತದೆ, ಗೆಳತಿಯ ಫೋಟೋ ಇರುತ್ತದೆ, ನಿಮ್ಮನ್ನು ನಂಬಿ ಯಾರೋ ಕೊಟ್ಟ ಕಾಗದ ಇರುತ್ತದೆ. ವೈರ್‌ಲೆಸ್ ಕಾರ್ಡ್ ಹಾಕಿಸಿ, ಖಂಡಿತ ಹಾಕಿಸಿ, ಒಳ್ಳೆಯ ವಸ್ತು. ಆದರೆ ವೈಫೈಗೆ ಉದ್ದದ ಪಾಸ್‌ವರ್ಡ್ ಇಡದೆ ಕುರ್ಚಿಯಿಂದ ಏಳಬೇಡಿ. ರೂಟರಿನ ಹಳೇ ಪಾಸ್‌ವರ್ಡ್ ಬದಲಾಯಿಸಿ. ಹಂಚಲೇ ಎಂದು ಕಂಪ್ಯೂಟರ್ ಕೇಳಿದಾಗ ಓದದೆ 'ಹೌದು' ಒತ್ತಬೇಡಿ. ನಂಟರಿಷ್ಟರಿಗೆ ಇಂಟರ್ನೆಟ್ ಕೊಡಲೇಬೇಕು ಅಂದರೆ ಅತಿಥಿಗಳ ವೈಫೈ ಅಂತ ಬೇರೆಯೇ ಇರುತ್ತದೆ, ಅದನ್ನು ಕೊಡಿ. ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕರೆಸಿ, ನಾಚಿಕೆ ಬೇಡ. ಈಗಾಗಲೇ ತೆರೆದಿಟ್ಟಿದ್ದರೆ ಇವತ್ತೇ ಹೋಗಿ ಮುಚ್ಚಿ.

ಪಕ್ಕದ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಯೋಚಿಸುತ್ತಿದ್ದೀರಾ? ಮಾಡಿಕೊಳ್ಳಲಿ. ನಾಲ್ಕು ದಿನ ಮುಖ ಊದಿಸಿಕೊಂಡು ಐದನೇ ದಿನ ಸರಿಹೋಗುತ್ತಾರೆ. ಮುಚ್ಚಳದಕ್ಕನ ಹದಿನಾಲ್ಕು ವರ್ಷದ ಕೆಲಸವನ್ನು ವಾಪಸ್ ತಂದುಕೊಡಲು ನನಗೆ ಇವತ್ತಿನವರೆಗೂ ಆಗಿಲ್ಲ.